ತೊಳೆಯಬೇಡಿ, ತುಂಬಿಸಬೇಡಿ, ಹಾಗೇ ಕೊಡಿ

ನನ್ನ ಸೋದರಮಾವನ ಮನೆಯಿಂದ ನೀವು ಏನನ್ನಾದರೂ ಎರವಲು ತರಬೇಕಾದರೆ ಮೊದಲು ನಿಮ್ಮ ಪ್ರೆಶರ್ ಕುಕ್ಕರಿನ ವಿಶಲ್ ಬಿಚ್ಚಿ ಅವರ ಕೈಗೆ ಒಪ್ಪಿಸಬೇಕಿತ್ತು! ನಾನು ಬುರುಡೆ ಬಿಡುತ್ತಿದ್ದೇನೆ ಅನ್ನಿಸಿದರೆ, ಆ ಕಾಲಕ್ಕೆ ದೆಹಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿದ ಯಾವ ಕನ್ನಡದ ಗೃಹಿಣಿಯನ್ನಾದರೂ ಕೇಳಿ ನೋಡಿ. ಆಕೆ ಮೊದಲು ನಗುತ್ತಾಳೆ, ಆಮೇಲೆ ಬೈಯುತ್ತಾಳೆ, ಕೊನೆಗೆ "ಪಾಪ, ಮನುಷ್ಯ ಒಳ್ಳೆಯವರು ಬಿಡಿ" ಅನ್ನುತ್ತಾಳೆ.

ಮಾವ ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆಗಿತ್ತು. ನಾನು ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಲು ದೆಹಲಿಗೆ ಬಂದು ಅವರ ಮನೆಯ ವರಾಂಡದಲ್ಲಿ ಒಂದು ಮಂಚ ಹಾಕಿಕೊಂಡಿದ್ದೆ. ಫೀಸು ಕಟ್ಟಿದ್ದು ಯೂನಿವರ್ಸಿಟಿಗೆ. ಪಾಠ ಆದದ್ದು ಮಾತ್ರ ಅತ್ತೆಯ ಅಡುಗೆಮನೆಯಲ್ಲಿ.

ವಿಶಲ್ಲಿನ ಕಥೆ ಶುರುವಾದದ್ದು ಚಕ್ಕುಲಿ ಒರಳಿನಿಂದ. ಅತ್ತೆಯ ತವರಿನ ಹಿತ್ತಾಳೆಯ ಒರಳು ಅದು. ಸುತ್ತಲಿನ ನಾಲ್ಕು ಕಾಲೊನಿಗಳ ಕನ್ನಡದವರಿಗೆಲ್ಲ ಅದೊಂದೇ ಗತಿ. ಗೋಕುಲಾಷ್ಟಮಿಗೆ ಮನೆ ಬಿಟ್ಟರೆ ಅದು ದೀಪಾವಳಿಗೂ ವಾಪಸ್ ಬರುತ್ತಿರಲಿಲ್ಲ. ಅತ್ತೆ ಫೋನ್ ಮಾಡಿ ಬೇಡಿಕೊಂಡರು, ಮುನಿಸಿಕೊಂಡರು. ಮಾವ ಮಾತ್ರ ಒಂದು ಶಾಸನ ಹೊರಡಿಸಿದರು: ಒರಳು ಬೇಕಾದವರು ವಿಶಲ್ ಒತ್ತೆ ಇಡತಕ್ಕದ್ದು.

"ದುಡ್ಡು ಇಟ್ಟುಕೊಳ್ಳಬಹುದಲ್ಲ ಮಾವಾ?" ಎಂದೆ.

"ದುಡ್ಡು ಇಟ್ಟರೆ ಮರೀತಾರೆ ಪುಟ್ಟಿ. ವಿಶಲ್ ಇಟ್ಟರೆ ಬೆಳಿಗ್ಗೆ ಬೇಳೆ ಬೇಯಲ್ಲ. ಬೇಳೆ ಬೇಯದಿದ್ರೆ ಗಂಡ ನೆನಪಿಸ್ತಾನೆ. ಉಪದೇಶದಿಂದ ಯಾರೂ ಏನನ್ನೂ ವಾಪಸ್ ಕೊಟ್ಟಿಲ್ಲ!"

ಒರಳು ಒಂದೇ ದಿನಕ್ಕೆ ವಾಪಸ್ ಬರತೊಡಗಿತು. ಮಾವನ ಉತ್ಸಾಹ ಹೆಚ್ಚಿ ಏಣಿ, ಡ್ರಿಲ್ಲಿಂಗ್ ಮೆಷಿನ್ನು, ಇಡ್ಲಿ ತಟ್ಟೆ ಎಲ್ಲಕ್ಕೂ ಇದೇ ಕಾನೂನು ಬಂತು. ಪಂಜಾಬಿ ಮನೆಗಳ ವಿಶಲ್‌ಗಳೂ ಅವರ ಗೋದ್ರೇಜ್ ಬೀರುವಿನಲ್ಲಿ ಕ್ವಾರ್ಟರ್ಸ್ ನಂಬರಿನ ಚೀಟಿ ಅಂಟಿಸಿಕೊಂಡು ಕೂತವು. ಒಂದು ಸಂಜೆ ಅವರ ಮೇಲಧಿಕಾರಿ, ಧಾರವಾಡ ಕಡೆಯ ಜಾಯಿಂಟ್ ಸೆಕ್ರೆಟರಿ, ಹೆಂಡತಿಯ ಜೊತೆ ಒರಳು ಕೇಳಿಕೊಂಡು ಬಂದರು. ಅತ್ತೆ ಕಣ್ಣಲ್ಲೇ ಬೇಡಿಕೊಂಡರು. ಮಾವ ಕೇಳಬೇಕಲ್ಲ! "ಸರ್, ಕುಕ್ಕರ್ ತಂದಿಲ್ಲ ಅಂತ ಕಾಣುತ್ತೆ. ಪರವಾಗಿಲ್ಲ, ಕನ್ನಡಕ ಕೊಡಿ." ಸಾಹೇಬರು ನಗೆಚಾಟಿಕೆ ಅಂದುಕೊಂಡು ಕೊಟ್ಟರು. ಮಾವ ಅದಕ್ಕೂ ಚೀಟಿ ಅಂಟಿಸಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮರುದಿನ ಬೆಳಿಗ್ಗೆ ಎಂಟಕ್ಕೆ ಸರ್ಕಾರಿ ಕಾರಿನಲ್ಲಿ ಒರಳು ಒಂದೇ ಕೂತು ಬಂತು. ಅತ್ತೆ ಒಂದು ವಾರ ಮಾವನ ಜೊತೆ ಮಾತು ಬಿಟ್ಟರು.

ಇದರ ಮೇಲೆ ಡಬ್ಬಿಗಳ ವಿಚಾರಣೆ. ಅತ್ತೆ ತಿಂಡಿ ಹಾಕಿ ಕಳಿಸಿದ ಸ್ಟೀಲ್ ಡಬ್ಬಿಗಳು ಒಂದೊಂದಾಗಿ ಮಾಯವಾಗಿ ಅವಲಕ್ಕಿ ಹಾಕಿಡಲೂ ಮನೆಯಲ್ಲಿ ಡಬ್ಬಿ ಉಳಿದಿರಲಿಲ್ಲ. ಮಾವ ಒಂದು ಭಾನುವಾರ ನನ್ನನ್ನೂ ಕರೆದುಕೊಂಡು ಮನೆಮನೆಗೆ ತನಿಖೆಗೆ ಹೊರಟರು. ಏನು ಕಂಡಿತು ಅಂತೀರಿ? ಎಲ್ಲರ ಮನೆಯಲ್ಲೂ ನಮ್ಮ ಡಬ್ಬಿಗಳು ಥಳಥಳ ತೊಳೆದು, ಶೆಲ್ಫಿನ ಮೇಲೆ ದೇವರ ಹಾಗೆ ಕೂತಿದ್ದವು!

"ಮತ್ತೆ ಕೊಡೋದಲ್ವಾ ತಾಯಿ?" ಎಂದರು ಮಾವ.

"ಅಯ್ಯೋ, ಖಾಲಿ ಡಬ್ಬಿ ಹೇಗೆ ಕೊಡೋದು? ಏನಾದ್ರೂ ಮಾಡಿದಾಗ ಹಾಕಿ ಕಳಿಸೋಣ ಅಂತಿದ್ದೆ."

ಎಲ್ಲರದೂ ಇದೇ ಉತ್ತರ. ತಿಂಡಿ ತಂದ ಡಬ್ಬಿಯನ್ನು ಬರಿದಾಗಿ ಹಿಂತಿರುಗಿಸಬಾರದು ಅನ್ನುವುದು ನಮ್ಮವರ ಸಂಪ್ರದಾಯ ತಾನೇ? ಏನಾದರೂ ಮಾಡುವುದಕ್ಕೆ ಈ ಊರಲ್ಲಿ ಪುರುಸೊತ್ತು ಯಾರಿಗಿದೆ? ಮಾವ ದಾರಿಯಲ್ಲೇ ನಿಂತುಬಿಟ್ಟರು. "ನೋಡಿದ್ಯಾ ಪುಟ್ಟಿ? ಇವರ್ಯಾರೂ ಕಳ್ಳರಲ್ಲ. ಇಟ್ಟುಕೊಳ್ಳೋದಕ್ಕಿಂತ ವಾಪಸ್ ಕೊಡೋದು ದುಬಾರಿ ಆಗಿದೆ, ಅಷ್ಟೆ." ಅವತ್ತೇ ನಮ್ಮ ಬಾಗಿಲಿಗೆ ಒಂದು ಬೋರ್ಡು ಬಂತು: ಖಾಲಿ ಡಬ್ಬಿಗಳಿಗೆ ಹೃತ್ಪೂರ್ವಕ ಸ್ವಾಗತ. ಎರಡು ದಿನದಲ್ಲಿ ಅಷ್ಟೂ ಡಬ್ಬಿ ಬಂದವು. ಒಂದರಲ್ಲೂ ಒಂದು ಚಮಚ ಸಕ್ಕರೆ ಸಹ ಇರಲಿಲ್ಲ. ಅತ್ತೆ ಅಷ್ಟನ್ನೂ ಮುಂದಿಟ್ಟುಕೊಂಡು, "ನಿಮ್ಮ ಕಾನೂನಿಗಿಷ್ಟು ಬೆಂಕಿ ಹಾಕ!" ಎಂದು ಕಣ್ಣೊರೆಸಿಕೊಂಡರು.

ಇಷ್ಟೆಲ್ಲ ಹುಚ್ಚಾಟ ಯಾಕೆ ಅಂದಿರಾ? ಮಾವನ ಮೇಜಿನ ಮೇಲೆ ಆಗ ಹಳೇ ಬ್ಯಾಟರಿಗಳ ಫೈಲ್ ಇತ್ತು. ದೆಹಲಿಯಲ್ಲಿ ಕರೆಂಟು ಬರುವುದಕ್ಕಿಂತ ಹೋಗುವುದೇ ಹೆಚ್ಚಾಗಿ ಪ್ರತಿ ಮನೆಯಲ್ಲೂ ದಿವಾನದ ಪಕ್ಕ ಒಂದು ಇನ್ವರ್ಟರ್ ಗುಂಯ್‌ಗುಡುತ್ತಿದ್ದ ಕಾಲ. ಅದರ ಬ್ಯಾಟರಿಯ ತುಂಬ ಸೀಸ ಮತ್ತು ಆಸಿಡ್. ಸತ್ತ ಬ್ಯಾಟರಿಯನ್ನು ಅಂಗಡಿಗೇ ವಾಪಸ್ ಕೊಡಬೇಕು ಎಂದು ಸರ್ಕಾರ ನಿಯಮ ಮಾಡಿತ್ತು. ಜನ ಮಾತ್ರ ಗುಜರಿ ಕೊಳ್ಳುವ ಕಬಾಡಿವಾಲನಿಗೆ ಕೊಡುತ್ತಿದ್ದರು. ಯಾಕೆ ಎಂದು ಮಾವ ಟಿಪ್ಪಣಿ ಬರೆಯಬೇಕಿತ್ತು. ತನ್ನ ಮನೆಯವರ ಮೇಲೆ ಪ್ರಯೋಗಿಸದೆ ದೇಶಕ್ಕೆ ಏನನ್ನೂ ಶಿಫಾರಸು ಮಾಡಬಾರದು ಎನ್ನುವುದು ಅವರ ವ್ರತ!

ದೇವರು ದೊಡ್ಡವನು, ಆ ಬೇಸಿಗೆಯಲ್ಲಿ ನಮ್ಮ ಬ್ಯಾಟರಿಯೇ ಸತ್ತಿತು. ಮಾವ ಸಡಗರದಿಂದ ಅದನ್ನು ಆಟೋದಲ್ಲಿ ಹೇರಿಕೊಂಡು ಅಂಗಡಿಗೆ ಹೋದರು. ಅಂಗಡಿಯವನು ಹಳೇ ಬಿಲ್ ಕೇಳಿದ, ಒಂದು ಫಾರಂ ಕೊಟ್ಟ, ಇಂಚಾರ್ಜ್ ಮಂಗಳವಾರ ಬರುತ್ತಾರೆ ಎಂದ. ಮಾವ ಅದೇ ಬ್ಯಾಟರಿಯ ಜೊತೆ ಅದೇ ಆಟೋದಲ್ಲಿ ವಾಪಸ್ ಬಂದರು. ದಾರಿಯಲ್ಲಿ ಆಸಿಡ್ ಚೆಲ್ಲಿ ಪ್ಯಾಂಟಿನ ಮೊಣಕಾಲಿಗೆ ದೋಸೆಯ ಹಾಗೆ ತೂತು ಬಿದ್ದಿತ್ತು. ಅಷ್ಟರಲ್ಲಿ ನಮ್ಮ ಬೀದಿಯ ಕಬಾಡಿವಾಲ ಯಾಸೀನ್ ಭಯ್ಯಾ ಸೈಕಲ್ ಗಾಡಿ ನಿಲ್ಲಿಸಿ, ಬಿಲ್ಲೂ ಇಲ್ಲ, ಫಾರಮ್ಮೂ ಇಲ್ಲ, ಅಂಗಡಿಯವನಿಗಿಂತ ಜಾಸ್ತಿ ಬೆಲೆ ಹೇಳಿದ.

"ನಿನಗೆ ಹೇಗಪ್ಪಾ ಗಿಟ್ಟುತ್ತೆ?" ಮಾವ ಹಿಂದಿಯಲ್ಲಿ ಕೇಳಿದರು.

"ಚಲಿಯೇ ಸಾಬ್, ತೋರಿಸ್ತೀನಿ" ಎಂದ ಯಾಸೀನ್ ಭಯ್ಯಾ.

ಅವನು ತಮಾಷೆಗೆ ಹೇಳಿದ್ದು. ಮಾವನ ಹತ್ತಿರ ತಮಾಷೆ ನಡೆಯುತ್ತದೆಯೇ? ಮುಂದಿನ ಭಾನುವಾರವೇ ನಾನೂ ಅವರೂ ಓಖ್ಲಾದ ಕಾರ್ಖಾನೆಗಳ ಹಿಂದಿನ ಕೊಳೆಗೇರಿಯಲ್ಲಿ ಅವನ ಮನೆ ಹುಡುಕಿಕೊಂಡು ಹೋದೆವು. ಮನೆ ಅಂದರೆ ಒಂದು ಕೋಣೆ, ಮುಂದೆ ಪುಟ್ಟ ಅಂಗಳ. ಅಂಗಳದ ಒಂದು ಮೂಲೆಯಲ್ಲಿ ಅವನು ಕೊಡಲಿಯಿಂದ ಬ್ಯಾಟರಿ ಒಡೆದ. ಆಸಿಡ್ಡು ಸುಯ್ಯೆಂದು ಚರಂಡಿಗೆ ಹೋಯಿತು. ಒಳಗಿನ ಫಲಕಗಳನ್ನು ಬಾಣಲೆಗೆ ಹಾಕಿ ಒಲೆಯ ಮೇಲೆ ಕರಗಿಸಿದ. ನಾಲ್ಕು ಮಾರು ಆಚೆ ಇನ್ನೊಂದು ಒಲೆಯ ಮುಂದೆ ಅವನ ಹೆಂಡತಿ ರೊಟ್ಟಿ ಬೇಯಿಸುತ್ತಿದ್ದಳು. ಬೂದುಬಣ್ಣದ ಹೊಗೆ ಎರಡು ಒಲೆಗಳಿಗೂ ಭೇದವಿಲ್ಲದೆ ಸುತ್ತುತ್ತಿತ್ತು. ಆಕೆಗೆ ಮೂವತ್ತು ಇರಬಹುದು. ಲಟ್ಟಣಿಗೆ ಹಿಡಿದ ಕೈ ನಡುಗುತ್ತಿತ್ತು. ನಡುನಡುವೆ ಹೊಟ್ಟೆ ಒತ್ತಿ ಹಿಡಿದುಕೊಳ್ಳುತ್ತಿದ್ದಳು. "ವಯಸ್ಸಾಯ್ತಲ್ಲ, ಬಾಬೂಜಿ" ಎಂದು ನಕ್ಕಳು.

ನಮಗೆ ಎರಡು ತಟ್ಟೆಯಲ್ಲಿ ಬಿಸಿ ರೊಟ್ಟಿ, ಆಲೂ ಪಲ್ಯ ತಂದಿಟ್ಟರು. ಮಾವ ಊಟಕ್ಕೆ ಇಲ್ಲ ಅಂದವರಲ್ಲ. ಮದುವೆಮನೆಯಲ್ಲಿ ಎರಡನೇ ಪಂಕ್ತಿಗೂ ಕೂತ ಖ್ಯಾತಿ ಅವರದು! ಅವತ್ತು ಮಾತ್ರ ತಟ್ಟೆಯನ್ನು ಮೆಲ್ಲಗೆ ಸರಿಸಿ, "ಇವತ್ತು ಏಕಾದಶಿ, ಉಪವಾಸ" ಎಂದರು. ನಾನೂ ತಲೆ ತಗ್ಗಿಸಿ ಏಕಾದಶಿಗೆ ಸೇರಿಕೊಂಡೆ. ಬೆಳಿಗ್ಗೆ ಇಬ್ಬರೂ ಎರಡೆರಡು ಸಲ ಉಪ್ಪಿಟ್ಟು ಹಾಕಿಸಿಕೊಂಡಿದ್ದೆವು. ಬಸ್ಸಿನಲ್ಲಿ ಬರುವಾಗ ಮಾವ ಒಂದೇ ಮಾತಾಡಿದ್ದು: "ಅವನಿಗೆ ಚರಂಡಿ ಪುಕ್ಕಟೆ, ಆಕಾಶ ಪುಕ್ಕಟೆ, ಹೆಂಡತಿ ಹೊಟ್ಟೆ ಪುಕ್ಕಟೆ. ಅದನ್ನೆಲ್ಲ ಸೇರಿಸಿ ನಮಗೆ ಜಾಸ್ತಿ ಬೆಲೆ ಕೊಡ್ತಾನೆ ಪುಟ್ಟಿ. ನಾವು ಇಸ್ಕೋತೀವಿ."

ಇದು ಅತ್ತೆಗೆ ಗೊತ್ತಿರಲಿಲ್ಲ. ಅವರು ಅಷ್ಟಮಿಗೆ ಯಾಸೀನ್ ಭಯ್ಯಾನಿಗೂ ಒಂದು ಡಬ್ಬಿ ಚಕ್ಕುಲಿ ಕೊಟ್ಟರು, ಅದೂ ತಮ್ಮ ಅತ್ಯುತ್ತಮ ಡಬ್ಬಿಯಲ್ಲಿ. ಆ ಡಬ್ಬಿ ಈದ್ ಹಬ್ಬದ ದಿನ ಸೇವಯ್ಯಾ, ಅಂದರೆ ನಮ್ಮ ಶ್ಯಾವಿಗೆ ಪಾಯಸ, ತುಂಬಿಕೊಂಡು ವಾಪಸ್ ಬಂತು. ಖಾಲಿ ಕೊಡಬಾರದು ಅನ್ನುವುದು ಅವರಲ್ಲೂ ಇದೆ ನೋಡಿ! ಬಾಗಿಲಲ್ಲಿ ನಿಂತು ಅವನು, "ಸಾಬ್, ಒಂದು ಚಮಚ ನನ್ನೆದುರಿಗೇ ತಿನ್ನಿ" ಎಂದ. ಮಾವ ತಡವರಿಸಿ ಮತ್ತೆ ಅದೇ ಏಕಾದಶಿ ಅಂದುಬಿಟ್ಟರು.

ಯಾಸೀನ್ ಭಯ್ಯಾ ಡಬ್ಬಿಯ ಮುಚ್ಚಳ ಹಾಕಿದ. "ಸಾಬ್, ನಿಮ್ಮ ಏಕಾದಶಿ ನಮ್ಮ ಮನೆ ಊಟ ಬಂದಾಗಲೇ ಬರುತ್ತೆ. ತಿಳೀತು. ಪರವಾಗಿಲ್ಲ, ಅಭ್ಯಾಸ ಇದೆ ನಮಗೆ."

ಮಾವನ ಮುಖ ಬಿಳಚಿಕೊಂಡಿತು. "ಇಲ್ಲಪ್ಪ, ನಿನ್ನ ಜಾತಿಗಲ್ಲ, ದೇವರಾಣೆ! ನಿನ್ನ ಅಂಗಳದ ಸೀಸಕ್ಕೆ ಹೆದರಿದೆ ನಾನು. ಆ ಹೊಗೆ ಪಾತ್ರೆ ಮೇಲೆ ಕೂರುತ್ತೆ, ಹಿಟ್ಟಿಗೆ ಬೀಳುತ್ತೆ. ಅದು ವಿಷ."

"ವಿಷವಾ?" ಎಂದ ಅವನು. "ನನ್ನ ಮನೆಯವಳು ದಿನಾ ಅದನ್ನೇ ತಿಂತಾಳಲ್ಲ ಸಾಬ್."

ಡಬ್ಬಿ ಹಿಡಿದುಕೊಂಡೇ ಹೊರಟುಹೋದ. ಮಾವ ಬಾಗಿಲು ಹಾಕದೆ ಅಲ್ಲೇ ನಿಂತಿದ್ದರು. ನನಗೆ ಅವರ ಮೇಲೆ ಸಿಟ್ಟು ಬಂತು, ನನ್ನ ಮೇಲೂ ಬಂತು. ವಿಷ ಅಂತ ಗೊತ್ತಿದ್ದೂ ಆಕೆಗೆ ಹೇಳದೆ, ನಮ್ಮ ಹೊಟ್ಟೆಯನ್ನಷ್ಟೇ ಕಾಪಾಡಿಕೊಂಡು ಬಂದವರು ನಾವಿಬ್ಬರೂ!

ಅಂದಿನಿಂದ ಮಾವನ ಹುಚ್ಚಿಗೆ ಒಂದು ಗುರಿ ಬಂತು: ಆ ಒಲೆ ಆರಬೇಕು, ಯಾಸೀನ್ ಭಯ್ಯಾನ ಅನ್ನ ಹೋಗಕೂಡದು. ಆಫೀಸಿನಲ್ಲಿ ದಂಡ ಹಾಕೋಣ, ಗಾಡಿ ಜಪ್ತಿ ಮಾಡೋಣ ಎನ್ನುವವರೇ ಎಲ್ಲ. "ದಂಡ ಹಾಕಿದರೆ ಒಲೆ ಆರಲ್ಲ, ಪಕ್ಕದ ಗಲ್ಲಿಗೆ ಹೋಗುತ್ತೆ" ಎಂದು ಮಾವ ಬರೆದರು. ಹರಿಯಾಣದ ಕಡೆ ಲೈಸೆನ್ಸ್ ಇರುವ ಒಂದು ಕಾರ್ಖಾನೆ, ಮುಚ್ಚಿದ ಕುಲುಮೆಯಲ್ಲಿ ಸೀಸ ತೆಗೆಯುವಂಥದ್ದು, ಅಂಗಡಿಗೆ ತಿಂಗಳಿಗೊಮ್ಮೆ ಲಾರಿ ಕಳಿಸುತ್ತಿತ್ತು. ಒಡೆಯದ, ಆಸಿಡ್ ಚೆಲ್ಲದ ಬ್ಯಾಟರಿ ತಂದರೆ ಅವರು ಯಾಸೀನನಿಗೂ ಬೆಲೆ ಕೊಡಲು ಒಪ್ಪಿದರು. ಆದರೆ ಒಡೆದು ಕರಗಿಸಿದ ಸೀಸಕ್ಕೆ ದಲ್ಲಾಳಿ ಕೊಡುತ್ತಿದ್ದಷ್ಟು ಅಲ್ಲ. ನಡುವಿನ ಅಂತರ ತುಂಬಿಸುವವರು ಯಾರು?

ಚಳಿಗಾಲದ ಭಾನುವಾರ, ಕಾಲೊನಿಯ ಪಾರ್ಕಿನಲ್ಲಿ ಎಲ್ಲರೂ ಬಿಸಿಲಿಗೆ ಬೆನ್ನು ಕೊಟ್ಟು ಕಡಲೆಕಾಯಿ ಸುಲಿಯುತ್ತಿದ್ದಾಗ ಮಾವ ಎದ್ದು ನಿಂತರು. "ಯಾರು ಫ್ಯಾನ್ ಕೆಳಗೆ ಕೂರ್ತಾರೋ ಅವರು! ಹೊಸ ಬ್ಯಾಟರಿ ಕೊಳ್ಳುವಾಗ ಒಂದಿಷ್ಟು ಹೆಚ್ಚಿಗೆ ಇಡಿ. ಹಳೇದು ಇಡಿಯಾಗಿ ಲಾರಿ ಹತ್ತಿದ ದಿನ ಆ ದುಡ್ಡು ಯಾಸೀನನಿಗೆ ಸೇರಲಿ."

ಪಕ್ಕದ ಬ್ಲಾಕಿನ ಪಂಜಾಬಿ ಸರದಾರರು ಗಹಗಹಿಸಿ ನಕ್ಕರು. "ವಾಹ್ ಜೀ! ಕಸವನ್ನೂ ನಾವೇ ಕೊಡಬೇಕು, ಕಾಸನ್ನೂ ನಾವೇ ಕೊಡಬೇಕು!"

ಮಾವ ಯಾಸೀನನ ಹೆಂಡತಿಯ ನಡುಗುವ ಕೈಯ ಬಗ್ಗೆ ಹೇಳಿದರು. ಕೆಲವರು ಕಡಲೆಕಾಯಿ ಸಿಪ್ಪೆ ಕೊಡವಿಕೊಂಡು ಏಳತೊಡಗಿದರು. ಆಗ ಮಾವ ಜೇಬಿನಿಂದ ಬೀರುವಿನ ಕೀಲಿ ತೆಗೆದು ಎತ್ತಿ ತೋರಿಸಿದರು. ನಮ್ಮ ಮಕರ ಸಂಕ್ರಾಂತಿ, ಪಂಜಾಬಿಗಳ ಲೋಹ್ಡಿ ಹಬ್ಬ ಎರಡೂ ಎದುರಿಗಿದ್ದ ವಾರ ಅದು. ಹಬ್ಬಕ್ಕೆ ಅದು ಇದು ಎರವಲು ಒಯ್ದ ಹನ್ನೊಂದು ಮನೆಯ ವಿಶಲ್ ಒಳಗಿದ್ದವು! "ಯಾವ ಮನೆಯ ಸಹಿ ಬರಲ್ವೋ ಆ ಮನೆಯಲ್ಲಿ ಈ ವಾರ ಬೇಳೆ ಬೇಯಲ್ಲ" ಎಂದು ಕನ್ನಡದಲ್ಲೂ ಹಿಂದಿಯಲ್ಲೂ ಘೋಷಿಸಿದರು. ಮೊದಲ ಸಹಿ ಸರದಾರರ ಹೆಂಡತಿಯದು. "ನನಗೆ ರಾಜ್ಮಾ ಬೇಯಿಸಬೇಕು" ಎಂದರಂತೆ.

ಬ್ಲ್ಯಾಕ್‌ಮೇಲ್ ಅಂತೀರಾ? ಅತ್ತೆಯೂ ಹಾಗೇ ಅಂದರು. ಮಾವ ಅದಕ್ಕೆ 'ಪ್ರೋತ್ಸಾಹಕ ನೀತಿ' ಎಂದು ಹೆಸರಿಟ್ಟಿದ್ದರು.

ಯೋಜನೆ ಹಾಲುಜೇನಿನಂತೆ ಹರಿಯಿತು ಅಂದುಕೊಳ್ಳಬೇಡಿ. ಎರಡನೇ ಮಹಡಿಯ ಶಾರದಮ್ಮನವರ ಬ್ಯಾಟರಿ ಮೊದಲ ಸಲವೇ ಲಾರಿಯಿಂದ ವಾಪಸ್ ಬಂತು. ಮಾವ ಓಡಿಹೋಗಿ ನೋಡಿದರೆ, ಆರೂ ಬಿರಡೆ ತೆಗೆದು, ಗಂಡನ ಕೈಯಲ್ಲಿ ಬಗ್ಗಿಸಿ ಆಸಿಡ್ಡೆಲ್ಲ ಬಚ್ಚಲಿಗೆ ಸುರಿದು, ಒಳಗೂ ಹೊರಗೂ ಮೂರು ನೀರು ತೊಳೆದು, ಒರೆಸಿ, ಹಿಡಿಕೆಗೆ ಒಂದು ಪೊಟ್ಟಣ ಸಕ್ಕರೆ ಕಟ್ಟಿ ಕಳಿಸಿದ್ದಾರೆ! ಬಚ್ಚಲಿನ ಮೊಸಾಯಿಕ್ ನೊರೆಯೆದ್ದು ಬೆಳ್ಳಗಾಗಿತ್ತು.

ಮಾವ ಶಾರದಮ್ಮನವರತ್ತ ತಿರುಗಿದರು. "ಕೈಗೇನೂ ಆಗಲಿಲ್ಲ ತಾನೇ ತಾಯಿ?"

"ಇಲ್ಲಪ್ಪ, ಗ್ಲೌಸ್ ಹಾಕ್ಕೊಂಡಿದ್ದೆ. ಯಾಕೆ, ಕ್ಲೀನ್ ಆಗಿಲ್ವಾ?"

"ಆಸಿಡ್ ಸಮೇತ ಕೊಡಬೇಕಿತ್ತು ಅಮ್ಮಾ! ಯಾಕೆ ತೊಳೆದಿರಿ?"

"ಅಯ್ಯೋ, ಚೆನ್ನಾಗಿ ಹೇಳ್ತೀರಿ! ಇನ್ನೊಬ್ಬರ ಪದಾರ್ಥ ತೊಳೀದೆ ವಾಪಸ್ ಕೊಡೋಕಾಗುತ್ತಾ?"

ಮಾವ ಹಣೆ ಚಚ್ಚಿಕೊಂಡರು. ಡಬ್ಬಿಯ ತನಿಖೆಯಲ್ಲಿ ಥಳಥಳ ಹೊಳೆಯುತ್ತಿದ್ದುದನ್ನು ಕಣ್ಣಾರೆ ಕಂಡೂ ಇದೊಂದನ್ನು ಅವರು ಯೋಚಿಸಿರಲಿಲ್ಲ. ಗಾಡಿಯ ಪಕ್ಕ ನಿಂತಿದ್ದ ಯಾಸೀನ್ ಭಯ್ಯಾನಿಗೆ ನಾನು ವಿಷಯವನ್ನು ಹಿಂದಿಯಲ್ಲಿ ಹೇಳಿದೆ. ಈದ್ ದಿನದಿಂದ ಲೆಕ್ಕಕ್ಕಷ್ಟೇ ಮಾತಾಡುತ್ತಿದ್ದವನು ಸಕ್ಕರೆ ಪೊಟ್ಟಣ ಕೈಯಲ್ಲಿ ಹಿಡಿದು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಮರುದಿನ ಎಲ್ಲ ಬ್ಲಾಕುಗಳಲ್ಲೂ ಎರಡು ಭಾಷೆಯಲ್ಲಿ ಮಾವನ ಕೈಬರಹದ ಚೀಟಿ ಅಂಟಿತ್ತು: ತೊಳೆಯಬೇಡಿ, ತುಂಬಿಸಬೇಡಿ, ಹಾಗೇ ಕೊಡಿ.

ಆಮೇಲೆ ಗಾಡಿ ಸಲೀಸಾಗಿ ಉರುಳಿತು. ಎರಡು ಕಾಲೊನಿಯವರು ಬಂದು ಚೀಟಿಯನ್ನು ನಕಲು ಮಾಡಿಕೊಂಡು ಹೋದರು. ಯಾಸೀನ್ ಭಯ್ಯಾ ತನ್ನ ಗಲ್ಲಿಯ ಇನ್ನೂ ಮೂವರಿಗೆ ಈ ಕೆಲಸ ಹಿಡಿಸಿದ. ಮಾವನ ಟಿಪ್ಪಣಿ ಜಾಯಿಂಟ್ ಸೆಕ್ರೆಟರಿಯವರ ಮೇಜಿಗೆ ಹೋಯಿತು. ಅವರು ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರಂತೆ. "ಕುಕ್ಕರ್ ವಿಶಲ್ ಅಂತ ಎಲ್ಲೆಲ್ಲಿ ಅದ ಅಲ್ಲೆಲ್ಲ ತಗೀರಿ. ಉಳಿದದ್ದು ಇರ್ಲಿ. ಮ್ಯಾಲೆ ಕಳಸ್ತೀನಿ" ಎಂದರಂತೆ. ಮಾವ ಅವತ್ತು ಸಂಜೆ ಮನೆಗೆ ಜಿಲೇಬಿ ತಂದರು.

ಆದರೂ ಮಾವನಿಗೆ ಒಂದು ಕೊರಗು ಉಳಿದಿತ್ತು, ನನಗೂ ಇತ್ತು. ಒಲೆ ನಿಜವಾಗಿ ಆರಿತೋ ಇಲ್ಲವೋ? ಕೇಳಲು ಬಾಯಿ ಬರುತ್ತಿರಲಿಲ್ಲ. ಅತ್ತೆಯ ಅತ್ಯುತ್ತಮ ಡಬ್ಬಿ ಮಾತ್ರ ವಾಪಸ್ ಬಂದಿರಲಿಲ್ಲ. ಅದನ್ನು ಕೇಳಬೇಡ ಎಂದು ಮಾವ ಅತ್ತೆಗೆ ತಾಕೀತು ಮಾಡಿದ್ದರು. ವಾಪಸ್ ತರುವುದೇ ಬದುಕಿನ ಗುರಿಯಾಗಿದ್ದ ಮನುಷ್ಯ ಆ ಒಂದು ಡಬ್ಬಿಯ ಮಾತು ಬಂದರೆ ಎದ್ದು ಹೋಗುತ್ತಿದ್ದರು.

ಮುಂದಿನ ವರ್ಷ ಒಂದು ಬೆಳಿಗ್ಗೆ, ಯಾರ ಹಬ್ಬವೂ ಅಲ್ಲದ ದಿನ, ಬಾಗಿಲು ಬಡಿದ ಸದ್ದಾಯಿತು. ಯಾಸೀನ್ ಭಯ್ಯಾ ನಿಂತಿದ್ದ. ಪಕ್ಕದಲ್ಲಿ ಅವನ ಹೆಂಡತಿ. ಆಕೆಯ ಕೈಯಲ್ಲಿ ಅತ್ತೆಯ ಡಬ್ಬಿ. ನಾನು ಮೊದಲು ನೋಡಿದ್ದು ಆ ಕೈಯನ್ನು. ಪೂರ್ತಿ ನಿಂತಿತ್ತು ಅನ್ನಲಾರೆ, ಆದರೆ ಡಬ್ಬಿಯ ಮುಚ್ಚಳ ಸದ್ದು ಮಾಡುತ್ತಿರಲಿಲ್ಲ.

"ಸಾಬ್, ಒಲೆ ಒಡೆದು ಹಾಕಿ ಆರು ತಿಂಗಳಾಯ್ತು" ಎಂದ ಯಾಸೀನ್ ಭಯ್ಯಾ. "ಆದ್ರೂ ನಿಮಗೆ ಮಣ್ಣಿನ ಮೇಲೂ ಅನುಮಾನ ಇರುತ್ತೆ ಅಂತ ಗೊತ್ತಿತ್ತು. ಆ ಮನೇನೇ ಬಿಟ್ಟೆವು. ಹೊಸ ಕೋಣೆ, ಹೊಸ ಒಲೆ, ಪಾತ್ರೆನೂ ಹೊಸದು. ಇವಳ ಹೊಟ್ಟೆನೋವು ಈಗ ಕಮ್ಮಿ. ಹೊಸ ಒಲೆ ಮೇಲೆ ಮೊದಲು ಮಾಡಿದ್ದು ಇದು." ಮುಚ್ಚಳ ತೆಗೆದ. ಸೇವಯ್ಯಾ ಪಾಯಸ, ಮೇಲೆ ನಾಲ್ಕು ಗೋಡಂಬಿ. ಆಮೇಲೆ ಸ್ವಲ್ಪ ಅಂಜುತ್ತಾ ನಕ್ಕು ಕೇಳಿದ: "ಇವತ್ತು ಏಕಾದಶಿ ಅಲ್ಲ ತಾನೇ ಸಾಬ್?"

ಕೆಟ್ಟಿತು ಕೆಲಸ ಅಂದುಕೊಂಡೆ. ಯಾಕೆಂದರೆ ಅವತ್ತು ಏಕಾದಶಿಯೇ! ಅತ್ತೆ ಮೂವತ್ತು ವರ್ಷದಿಂದ ಒಂದೂ ತಪ್ಪಿಸದ ಏಕಾದಶಿ. ಹಿಂದಿನ ದಿನವೇ ಅಕ್ಕಿ ಡಬ್ಬಿ ಮೇಲಿಟ್ಟಿದ್ದರು. ಬಾಗಿಲ ಎದುರಿನ ಗೋಡೆಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ, ಊರಿನಿಂದ ತರಿಸಿದ ಹಾಳೆ ಹರಿಯುವ ಪಂಚಾಂಗ ನೇತಾಡುತ್ತಿತ್ತು.

"ಯಾವ ಏಕಾದಶಿ?" ಎಂದರು ಮಾವ. "ಇವತ್ತು ದ್ವಾದಶಿ!"

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅಷ್ಟರಲ್ಲಿ ಅವರಿಗೆ ಎಲ್ಲ ಕಥೆಯೂ ಗೊತ್ತಿತ್ತು. ಮಾವನನ್ನು ನೋಡಿದರು, ಆ ಹೆಣ್ಣುಮಗಳನ್ನು ನೋಡಿದರು. ನೆಟ್ಟಗೆ ಗೋಡೆಯ ಹತ್ತಿರ ಹೋಗಿ, ಪಂಚಾಂಗದಿಂದ ಅವತ್ತಿನ ಹಾಳೆಯನ್ನು ಪರ್ರನೆ ಹರಿದು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಹೌದು, ದ್ವಾದಶಿ. ಪಾರಣೆ ದಿನ. ಒಳಗೆ ಬಾರಮ್ಮ, ಬಾಗಿಲಲ್ಲೇ ಯಾಕೆ ನಿಂತೆ?" ಎಂದು ಐದು ಬಟ್ಟಲು, ಐದು ಚಮಚ ತಂದರು.

ಮಾವ ಮೊದಲ ಚಮಚ ಬಾಯಿಗಿಟ್ಟುಕೊಳ್ಳುವವರೆಗೂ ಯಾಸೀನ್ ಭಯ್ಯಾ ಕೂರಲಿಲ್ಲ. ಮಾವ ತಿಂದರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನನಗೂ ಅಳು ಬಂತು. ಅತ್ತೆ ತಮ್ಮ ಬಟ್ಟಲಿನ ಪಾಯಸವನ್ನು, ಕಣ್ಣು ಮುಚ್ಚಿ ಏನೋ ಹೇಳಿಕೊಂಡು, ಪೂರ್ತಿ ತಿಂದರು.

ಎದ್ದು ಹೊರಡುವಾಗ ಆಕೆ ಖಾಲಿ ಡಬ್ಬಿಯನ್ನು ತೊಳೆಯಲು ನಲ್ಲಿಯತ್ತ ಹೋದಳು. ಮಾವ ಓಡಿಬಂದು ಅದನ್ನು ಕಸಿದುಕೊಂಡು ಎದೆಗೆ ಅವುಚಿಕೊಂಡರು. ತಳದಲ್ಲಿ ಇನ್ನೂ ಒಂದು ಚಮಚದಷ್ಟು ಪಾಯಸ ಅಂಟಿತ್ತು.

"ತೊಳೀಬೇಡಮ್ಮ," ಎಂದರು, "ಹಾಗೇ ಕೊಡು."